ನೋಡಿದವರು ನಿಲ್ಲುತ್ತಾರೆ

ಎಡಕ್ಕೆ ತಿರುಗುವ ವಾಹನವನ್ನು ಕಣ್ಣೆತ್ತಿ ನೋಡಬಾರದೆಂದು ದಾವಣಗೆರೆಯ ಜನಕ್ಕೆ ಯಾರೂ ಹೇಳಿಕೊಡಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡುವಷ್ಟು ಸಹಜವಾಗಿ ಅದು ಅವರ ಮೈಗೆ ಬಂತು. ಹತ್ತಿಮಿಲ್ ಸರ್ಕಲ್ಲಿನ ಮೂಲೆ ಬಂದ ಕೂಡಲೇ ಹೆಂಗಸರು ಸೆರಗನ್ನು ಹಣೆಯ ಮೇಲೆಳೆದುಕೊಳ್ಳುತ್ತಿದ್ದರು. ಗಂಡಸರು ತಮ್ಮ ಚಪ್ಪಲಿಯ ತುದಿ ನೋಡುತ್ತ ರಸ್ತೆಗಿಳಿಯುತ್ತಿದ್ದರು. ಮಂಡಕ್ಕಿ ಅಂಗಡಿಯ ಪಕ್ಕದ ಗೂಡಂಗಡಿಯಲ್ಲಿ ಎರಡೂ ಕಡೆ ರಟ್ಟು ಹೊಲಿದ ಮಕ್ಕಳ ಟೋಪಿಗಳು ತೂಗುತ್ತಿದ್ದವು. ಹಿಂದೆ ಜಟಕಾ ಕುದುರೆಗೆ ಕಟ್ಟುತ್ತಿದ್ದ ಕಣ್ಕಾಪಿನ ಹೆಸರೇ ಅವಕ್ಕೂ ಬಿದ್ದಿತ್ತು. ಅದನ್ನು ಹಾಕಿಕೊಂಡ ಮಕ್ಕಳು ಸಾಲಾಗಿ ದಾಟುವಾಗ ಬಸ್ಸು, ಕಾರು, ಆಟೋಗಳು ಅವರ ಮುಂದೆ ಸದ್ದಿಲ್ಲದೆ ನಿಲ್ಲುತ್ತಿದ್ದವು. ಅಪ್ಪಿತಪ್ಪಿ ಒಂದು ಮಗು ತಲೆಯೆತ್ತಿ ನೋಡಿತೋ, ನಿಂತ ಕಾರು ಮತ್ತೆ ಹೊರಡುತ್ತಿತ್ತು.

ಇದಕ್ಕೆಲ್ಲ ಕಾರಣ ಗೂಬೆ.

ವಾಹನದ ಎಡ ಮೂಲೆಯಲ್ಲಿ, ಬಂಪರಿನ ಮೇಲೆ ಕೂರುವ ಅಂಗೈಯಗಲದ ಪೆಟ್ಟಿಗೆ ಅದು. ಅದರೊಳಗೆ ಎರಡು ದುಂಡನೆಯ ಗಾಜಿನ ಕಣ್ಣು. ಅದನ್ನು ತಯಾರಿಸಿದ 'ಸರಾಗ' ಎಂಬ ಕಂಪನಿ ಅದಕ್ಕೆ ತಿರುವು ಸಹಾಯಕ ಎಂದು ಹೆಸರಿಟ್ಟಿತ್ತು. ಹೊಸ ಕಾರು ತಂದವರನ್ನು ಗೂಬೆ ಕೂರಿಸಿದ್ರೇನ್ರೀ ಎಂದು ಕೇಳಿ ನಗುವುದು ಸ್ವಲ್ಪ ದಿನ ನಡೆಯಿತು. ಆಮೇಲೆ ಊರಿನ ಎಲ್ಲ ವಾಹನಗಳಿಗೂ ಅದು ಕಡ್ಡಾಯವಾಯಿತು. ಹೊರಗಿನಿಂದ ಬಂದು ಹೋಗುವ ಲಾರಿ, ಟ್ರ್ಯಾಕ್ಟರುಗಳಿಗೆ ಮಾತ್ರ ಸದ್ಯಕ್ಕೆ ವಿನಾಯಿತಿ ಸಿಕ್ಕಿತು. ನಗು ನಿಂತಿತು.

ಗೂಬೆ ಬರುವ ಮುಂಚೆ ಎಡ ತಿರುವುಗಳಲ್ಲಿ ಜನ ಸಾಯುತ್ತಿದ್ದ ರೀತಿ ಹೆಚ್ಚುಕಡಿಮೆ ಒಂದೇ. ಎಡಕ್ಕೆ ಹೊರಳುವ ಚಾಲಕನ ಕಣ್ಣಿರುವುದು ಬಲಕ್ಕೆ. ಆ ಕಡೆಯಿಂದ ಬರುವ ವಾಹನ ತನಗೆ ಬಡಿಯಬಾರದಲ್ಲ. ಅಷ್ಟರಲ್ಲಿ ಅವನ ಎಡಗಡೆ ರಸ್ತೆಗಿಳಿದ ಮುದುಕನೋ, ಅಂಚು ಹಿಡಿದು ನೇರ ಹೊರಟ ಸೈಕಲ್ಲಿನವನೋ ಚಕ್ರಕ್ಕೆ ಸಿಗುತ್ತಿದ್ದ. ನಾನು ನೋಡಲೇ ಇಲ್ಲ ಎಂದು ಚಾಲಕ ತಲೆ ಚಚ್ಚಿಕೊಳ್ಳುತ್ತಿದ್ದ. ಅದು ನಿಜವೂ ಆಗಿರುತ್ತಿತ್ತು. ಅವನು ನೋಡದ ಆ ಕಡೆಯನ್ನು ನೋಡಲೆಂದೇ ಗೂಬೆ ಬಂದದ್ದು.

ಮೊದಮೊದಲು ಅದು ಎಲ್ಲರಿಗೂ ನಿಲ್ಲುತ್ತಿತ್ತು. ಅದು ಗೊತ್ತಾದ ಮೇಲೆ ಜನ ಎಡೆಬಿಡದೆ ದಾಟತೊಡಗಿದರು. ತಿರುಗಬೇಕಾದ ಬಸ್ಸುಗಳು ಸರ್ಕಲ್ಲುಗಳಲ್ಲಿ ಬೇರು ಬಿಟ್ಟವು. ಆಗ ಸರಾಗದವರು ಎದುರಿನವರ ತಲೆ ಯಾವ ಕಡೆ ಹೊರಳಿದೆ, ಕಣ್ಣಪಾಪೆ ಎಲ್ಲಿದೆ ಎಂದು ಓದುವ ವಿದ್ಯೆಯನ್ನು ಅದಕ್ಕೆ ಕಲಿಸಿದರು. ಹಳೆಯ ದೃಶ್ಯದ ತುಣುಕುಗಳನ್ನು ರಾಶಿಗಟ್ಟಲೆ ನೋಡಿ ಅದು ತನಗೆ ತಾನೇ ಒಂದು ಸೂತ್ರ ಕಂಡುಕೊಂಡಿತು: ವಾಹನವನ್ನು ನೋಡಿದವರು ನಿಲ್ಲುತ್ತಾರೆ, ನೋಡದವರು ಬರುತ್ತಾರೆ. ಆದ್ದರಿಂದ ನೋಡದವರಿಗೆ ಬ್ರೇಕು ಹಾಕಬೇಕು, ನೋಡಿದವರ ಮುಂದೆ ಸಾಗಿಹೋಗಬೇಕು. ನೋಡಿಯೂ ನಿಲ್ಲದವರಿಗೆ ಕೊನೆಯ ಗಳಿಗೆಯಲ್ಲಿ ಬ್ರೇಕು ಬೀಳುತ್ತಿತ್ತು, ಬಿದ್ದಷ್ಟು.

ಈ ಸೂತ್ರವನ್ನು ಸರಾಗ ಯಾರೆದುರೂ ಒಪ್ಪಿಕೊಳ್ಳಲಿಲ್ಲ. ಒಪ್ಪಿಕೊಂಡರೆ ಊರಿಗೆ ಊರೇ ಕಣ್ಣು ತಗ್ಗಿಸಿ ಮತ್ತೆ ಬಸ್ಸುಗಳು ನಿಲ್ಲುತ್ತವೆ. ವಿಷಯ ಗೊತ್ತಿದ್ದ ನೌಕರರು ಹೊರಗೆ ಬಾಯಿ ಬಿಟ್ಟರೆ ಕೆಲಸ ಹೋಗುವುದಷ್ಟೇ ಅಲ್ಲ, ಜೈಲಿಗೂ ಹೋಗಬೇಕಾಗುತ್ತಿತ್ತು. ಆದರೂ ಕಾರಣ ತಿಳಿಯದೆಯೇ ಜನಕ್ಕೆ ಹೇಗೋ ವಾಸನೆ ಹತ್ತಿತು. ಹತ್ತದವರು ಉಳಿದದ್ದು ಸಂತೆಗೆ ಬಂದ ಹಳ್ಳಿಯವರು, ವಯಸ್ಸಾದವರು, ಹಳೆಯ ರೂಢಿ ಬಿಡಲಾಗದವರು. ಬಸ್ಸುಗಳು ಅವರ ಮುಂದೆ ಸಾಗುತ್ತಿದ್ದವು. ಗೂಬೆ ನೋಡಿಕೊಳ್ಳುತ್ತದೆಂದು ಚಾಲಕರೂ ನೋಡುವುದನ್ನು ಬಿಟ್ಟರು. ಹಿಂದೆ ದಾಟುವವನು ಅಂಗೈ ಎತ್ತುತ್ತಿದ್ದ, ಗಾಡಿಯವನು ಹೋಗು ಎಂದು ಗದ್ದ ಅಲುಗಿಸುತ್ತಿದ್ದ, ಒಮ್ಮೊಮ್ಮೆ ಬೈಗುಳವೂ ಇರುತ್ತಿತ್ತು. ಈಗ ಅಷ್ಟು ಜನ ಸೇರುವ ಸರ್ಕಲ್ಲಿನಲ್ಲಿ ಒಬ್ಬರ ಕಣ್ಣು ಒಬ್ಬರ ಮೇಲೆ ಬೀಳುತ್ತಿರಲಿಲ್ಲ.

ಹಾಲೇಶ ಸರಾಗದ ನಿಯಂತ್ರಣ ಕೋಣೆಯಲ್ಲಿ ಕೆಲಸಕ್ಕಿದ್ದ. ಗೂಬೆಗಳು ಕಳಿಸುವ ದೃಶ್ಯಗಳಲ್ಲಿ ಅನುಮಾನದವು ಅವನ ಪರದೆಗೆ ಬರುತ್ತಿದ್ದವು. ಅವನು ನೋಡಿ, ನೋಡಿದರು ಅಥವಾ ನೋಡಲಿಲ್ಲ ಎಂಬ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ಗೂಬೆಗೆ ಕಣ್ಣು ಓದುವ ಪಾಠ ಹೇಳಿದ ಹಳೆಯ ತುಣುಕುಗಳಿಗೂ ಗುಂಡಿ ಒತ್ತಿದವರಲ್ಲಿ ಅವನೊಬ್ಬ. ಪಕ್ಕದ ಕುರ್ಚಿಯ ಇಮ್ತಿಯಾಜ್, ತಪ್ಪು ಯಾರದಾದ್ರೂ ಆಗ್ಲಿ, ಗೂಬೆ ಕೂರ್ಸೋದು ಮಾತ್ರ ನಮ್ಮ ಕೆಲ್ಸ ಕಣಪ್ಪಾ ಎಂದು ಆಗಾಗ ನಗಿಸುತ್ತಿದ್ದ.

*

ಹಾಲೇಶನ ತಂಗಿ ಅಂಬುಜಳಿಗೆ ಕಿವಿ ಕೇಳುತ್ತಿರಲಿಲ್ಲ. ಮಾತು ಕೂಡುವ ವಯಸ್ಸಿಗೇ ಬಂದ ಜ್ವರವೊಂದು ಎರಡನ್ನೂ ತೆಗೆದುಕೊಂಡು ಹೋಗಿತ್ತು. ಕಿವುಡರ ಶಾಲೆ ದೂರದಲ್ಲಿತ್ತು, ತಾಯಿ ಗಂಗಮ್ಮ ಕಳಿಸಲಿಲ್ಲ. ಹಾಗಾಗಿ ಅವಳಿಗಿದ್ದದ್ದು ಮನೆಯೊಳಗೆ ಹುಟ್ಟಿ ಬೆಳೆದ ಒಂದು ಕೈಭಾಷೆ. ಅದನ್ನು ಬಲ್ಲವರು ಲೋಕದಲ್ಲಿ ಅವಳ ತಾಯಿ ಮತ್ತು ಅಣ್ಣ ಇಬ್ಬರೇ. ಉಳಿದವರ ಮಾತನ್ನು ಅವಳು ತುಟಿ ನೋಡಿ ತಿಳಿಯುತ್ತಿದ್ದಳು. ಬರೆಯಲು ಬರುತ್ತಿದ್ದುದು ತನ್ನ ಹೆಸರು ಮತ್ತು ಅಳತೆಯ ಅಂಕಿಗಳು. ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೆಲಸ, ಹೋಗಿಬರಲು ಸೈಕಲ್ಲು.

ರಸ್ತೆಯಲ್ಲಿ ಅವಳಷ್ಟು ನೋಡುವವರು ಊರಲ್ಲೇ ಇರಲಿಲ್ಲ. ಬೇರೆಯವರು ಕಿವಿಯಿಂದ ತಿಳಿಯುವುದನ್ನೂ ಅವಳು ಕಣ್ಣಿಂದಲೇ ತಿಳಿಯಬೇಕು. ಸರ್ಕಲ್ಲು ಬಂದರೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಹೆಗಲ ಮೇಲಿಂದ ಹಿಂದಕ್ಕೊಮ್ಮೆ ತಿರುಗಿ ಒಂದೊಂದು ವಾಹನವನ್ನೂ ನೋಡುತ್ತಿದ್ದಳು. ಗೂಬೆಗಳ ಲೆಕ್ಕದಲ್ಲಿ ಅವಳು ಎಲ್ಲರಿಗೂ ದಾರಿ ಬಿಟ್ಟವಳು. ಯಾವ ವಾಹನವೂ ಅವಳಿಗಾಗಿ ನಿಲ್ಲುತ್ತಿರಲಿಲ್ಲ.

ಒಂದು ಸಂಜೆ ಅವಳು ಮೊಣಕೈ ತರಚಿಕೊಂಡು ಬಂದಳು. ಸೈಕಲ್ಲಿನ ಮಡ್‌ಗಾರ್ಡು ಸೊಟ್ಟಗಾಗಿತ್ತು. ಗಂಗಮ್ಮ ಅರಿಶಿನ ಕಲಸುತ್ತಿದ್ದಾಗ ಅವಳು ಅಣ್ಣನೆದುರು ಕೂತು ಕೈಯಾಡಿಸಿದಳು. ಕಾರು ತಿರುಗುತ್ತಿತ್ತು. ನಾನು ಅದನ್ನು ನೋಡಿದೆ, ಅದೂ ನನ್ನನ್ನು ನೋಡಿತು, ನೋಡಿದ ಮೇಲೂ ಬಂತು. ಕೊನೆಗೆ ಅವಳು ಎರಡೂ ಕೈ ಚೆಲ್ಲಿ ಅಣ್ಣನ ಮುಖ ನೋಡಿದಳು. ಜನ ಯಾಕೆ ಹೀಗಾದರು ಎಂಬುದು ಅವಳ ಪ್ರಶ್ನೆ. ಜನ ಕೆಟ್ಟವರಾದರೆಂದೇ ಅವಳು ತಿಳಿದಿದ್ದಳು.

ಹಾಲೇಶ ಮಡ್‌ಗಾರ್ಡು ನೆಟ್ಟಗೆ ಮಾಡಲು ಎದ್ದುಹೋದ.

ಮರುದಿನ ಬೆಳಗ್ಗೆ ಗಂಗಮ್ಮ ಎಂದಿನಂತೆ ಬಾಗಿಲಿಗೆ ಬಂದು, ತನ್ನ ಕಣ್ಣಿಗೆ ಎರಡು ಬೆರಳು ತೋರಿಸಿ, ತುಟಿ ಅಗಲಿಸಿ ಹೇಳಿದಳು.

"ನೋಡ್ಕೆಂಡು ಹೋಗವ್ವ."

ಮಗಳು ತುಟಿಯಿಂದ ಓದಲು ಕಲಿತ ಮೊದಲ ಮಾತುಗಳಲ್ಲಿ ಅದೊಂದು. ಊರಿನ ಪ್ರತಿ ಮನೆಯ ಹೊಸಿಲಲ್ಲೂ ದಿನಾ ಕೇಳುವ ಮಾತು ಅದು. ಅದನ್ನು ಹೇಳದೆ ಯಾರನ್ನೂ ಹೊರಗೆ ಕಳಿಸುವ ಪದ್ಧತಿಯೇ ಇಲ್ಲ. ಶೂ ಕಟ್ಟಿಕೊಳ್ಳುತ್ತಿದ್ದ ಹಾಲೇಶನಿಗೆ ಆ ಬೆಳಗ್ಗೆ ಅದು ಕೊಲ್ಲುವ ಮಾತಾಗಿ ಕೇಳಿಸಿತು.

*

ಅವನು ಆ ವಾರ ಹಳೆಯ ತುಣುಕುಗಳನ್ನು ಮತ್ತೆ ತೆಗೆದು ನೋಡಿದ. ಗೂಬೆಗಿಂತ ಹಿಂದಿನ ಕಾಲದವು, ಸರ್ಕಲ್ಲಿನ ಕ್ಯಾಮೆರಾಗಳು ತೆಗೆದವು. ಒಬ್ಬ ಮುದುಕಿ ರಸ್ತೆಗೆ ಕಾಲಿಡುತ್ತಾಳೆ, ತಿರುಗುತ್ತಿರುವ ಬಸ್ಸನ್ನು ನೋಡುತ್ತಾಳೆ, ಕಾಲು ಹಿಂದೆ ತೆಗೆಯುತ್ತಾಳೆ. ಹಾಲಿನ ಕ್ಯಾನು ಹೇರಿದ ಸೈಕಲ್ಲಿನವನೊಬ್ಬ ಲಾರಿಯನ್ನು ನೋಡಿ ಕಾಲೂರಿ ನಿಲ್ಲುತ್ತಾನೆ. ಪ್ರತಿಯೊಂದಕ್ಕೂ ಅಂದು ಹಾಲೇಶ ನೋಡಿದರು ಎಂದು ಗುಂಡಿ ಒತ್ತಿದ್ದ. ನಿಂತರು ಎಂಬುದನ್ನು ಯಂತ್ರ ಅದರ ಮುಂದೆ ತಾನೇ ಸೇರಿಸಿಕೊಂಡಿತ್ತು. ಈಗ ಅವನು ಕಣ್ಣನ್ನು ಬಿಟ್ಟು ಮುಖಗಳನ್ನು ನೋಡಿದ. ಅವರಲ್ಲಿ ಯಾರೂ ಒಪ್ಪಿ ನಿಂತಿರಲಿಲ್ಲ. ವಾಹನ ನಿಲ್ಲುವುದಿಲ್ಲವೆಂದು ಗೊತ್ತಾಗಿ, ಜೀವ ಉಳಿಸಿಕೊಳ್ಳಲು ನಿಂತಿದ್ದರು. ಯಂತ್ರ ಅವರ ಹೆದರಿಕೆಯನ್ನು ಒಪ್ಪಿಗೆಯೆಂದು ಕಲಿತುಕೊಂಡಿತ್ತು. ಕಲಿಸಿದವರಿಗೂ ಅದು ಕಂಡಿರಲಿಲ್ಲ.

ಸೂತ್ರವನ್ನು ಜನಕ್ಕೆ ತಿಳಿಸಿಬಿಡಿ ಎಂಬ ಅವನ ಮಾತನ್ನು ವಿಭಾಗದ ಮುಖ್ಯಸ್ಥೆ ಅರುಂಧತಿ ಪೂರ್ತಿ ಕೇಳಿದರು. ಕೆಟ್ಟ ಹೆಂಗಸಲ್ಲ. ಮೇಜಿನ ಮೇಲೆ ಅವರ ಮಗಳ ಕಣ್ಕಾಪಿನ ಟೋಪಿ ಇತ್ತು, ಹೊಲಿಗೆ ಬಿಟ್ಟಿದ್ದನ್ನು ಸರಿ ಮಾಡಿಸಲೆಂದು ತಂದದ್ದು. ಸಾವುಗಳು ಮೊದಲಿಗಿಂತ ಕಡಿಮೆಯಾಗಿರುವುದು ನಿಜ ತಾನೆ ಎಂದು ಅವರು ಕೇಳಿದರು. ನಿಜವೆಂದು ಹಾಲೇಶ ಒಪ್ಪಿದ. ಈಗ ಸಾಯುತ್ತಿರುವವರು ಯಾರು ಎಂದು ಅವನು ಕೇಳಿದ. ನೋಡುವವರು ಎಂದು ಅವರು ಹೇಳಬೇಕಿತ್ತು, ಹೇಳಲಿಲ್ಲ. ಕಿವಿ ಕೇಳದವರಿಗೆ ಕೊರಳಲ್ಲಿ ಧರಿಸುವ ಒಂದು ಬಿಲ್ಲೆ ಕೊಡಬಹುದು, ಅದನ್ನು ಕಂಡರೆ ಗೂಬೆ ನಿಲ್ಲುವಂತೆ ಮಾಡಬಹುದು, ಆದರೆ ಯಾಕೆ ಬಿಲ್ಲೆ ಎಂದು ಜನ ಕೇಳುತ್ತಾರೆ, ಆಗ ಸೂತ್ರ ಹೊರಬೀಳುತ್ತದೆ ಎಂದು ವಿವರಿಸಿದರು. ಮೇಲಿನವರಿಗೆ ಬರೆಯುತ್ತೇನೆ ಎಂದರು. ಅದು ಆಗದ ಕೆಲಸವೆಂದು ಇಬ್ಬರಿಗೂ ಗೊತ್ತಿತ್ತು.

ಹಾಲೇಶ ಎದ್ದಾಗ ಅವರು ಟೋಪಿಯನ್ನು ಡ್ರಾಯರಿನೊಳಗೆ ಹಾಕಿ, ದನಿ ತಗ್ಗಿಸಿ ಹೇಳಿದರು.

"ನಿಮ್ಮ ತಂಗಿಗೆ ಏನು ಹೇಳಬೇಕೋ ಮನೆಯಲ್ಲಿ ಹೇಳ್ಕೊಳ್ಳಿ. ನಾನು ಹೇಳಿದೆ ಅಂತ ಎಲ್ಲೂ ಬರಬಾರದು. ನೀವು ಹೇಳಿದ್ರಿ ಅಂತಾನೂ ಬರಬಾರದು ಹಾಲೇಶ್. ಆಮೇಲೆ ನಾನು ನಿಮ್ಮನ್ನ ಉಳಿಸೋಕಾಗಲ್ಲ."

*

ಬರೀ ಹೇಳಿದ್ದಕ್ಕೆ ಅಂಬುಜ ನಂಬಲಿಲ್ಲ. ನೋಡಬೇಡ ಎಂದು ಅವನು ಕೈಯಾಡಿಸಿದಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಣ್ಣ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ಗಂಗಮ್ಮನಿಗೆ ಮಾತ್ರ ಸಿಟ್ಟು ಬಂತು. ಕಿವಿಯಂತೂ ಇಲ್ಲ, ಇನ್ನು ಕಣ್ಣೂ ಬ್ಯಾಡ ಅಂತೀಯೇನೋ ಎಂದು ಮಗನ ಮೇಲೆ ಹರಿಹಾಯ್ದಳು. ಅವನು ಕಾರಣ ಹೇಳುವಂತಿರಲಿಲ್ಲ. ಕಂಪನಿಯವನಲ್ಲವೇ ನಾನು, ನನಗೆ ಗೊತ್ತಿದೆ, ಅಷ್ಟು ನಂಬು ಎಂದ. ಗಂಗಮ್ಮ ನಂಬಿದಳು. ಆ ಮನೆಯಲ್ಲಿ ಓದಿದವನು ಅವನೊಬ್ಬನೇ.

ಭಾನುವಾರ ಅವನು ತಂಗಿಯನ್ನು ಹತ್ತಿಮಿಲ್ ಸರ್ಕಲ್ಲಿಗೆ ಕರೆದೊಯ್ದ. ಅವಳನ್ನು ಸೈಕಲ್ಲಿನೊಂದಿಗೆ ಈ ಕಡೆ ನಿಲ್ಲಿಸಿ ತಾನು ದಾಟಿಹೋಗಿ ಆ ಕಡೆಯ ವಿದ್ಯುತ್ ಕಂಬಕ್ಕೆ ಒರಗಿ ನಿಂತ. ನನ್ನನ್ನೇ ನೋಡು, ಬೇರೇನನ್ನೂ ನೋಡಬೇಡ ಎಂದು ಕೈಯಲ್ಲಿ ಹೇಳಿದ. ಅವಳು ಹೊರಟಳು. ಅರ್ಧ ದಾರಿಯಲ್ಲಿ ಕತ್ತು ತಾನಾಗಿ ಎಡಕ್ಕೆ ಹೊರಳಿತು. ಒಂದು ಆಟೋ ಅವಳ ಚಕ್ರದ ಮುಂದೆಯೇ ಸರ್ರನೆ ತಿರುಗಿಹೋಯಿತು. ಅವಳು ಕಾಲೂರಿ ನಿಂತು, ಮುಖ ಕೆಂಪಗೆ ಮಾಡಿಕೊಂಡು, ಹಿಂದಕ್ಕೆ ಹೋದಳು.

ಎರಡನೆಯ ಸಲ, ಮೂರನೆಯ ಸಲವೂ ಹಾಗೇ ಆಯಿತು. ಆಮೇಲೊಮ್ಮೆ ಅವಳು ಹಲ್ಲು ಕಚ್ಚಿಕೊಂಡು, ಅಣ್ಣನ ಮುಖಕ್ಕೆ ಕಣ್ಣು ನೆಟ್ಟು, ಬಿಡದೆ ಬಂದಳು. ಎಡಗಡೆ ಒಂದು ಕಾರು ನಿಂತಿತು. ಅದರ ಹಿಂದೆ ಬಸ್ಸು ನಿಂತಿತು. ಅವಳು ಅದೇನನ್ನೂ ನೋಡಲಿಲ್ಲ. ಅಣ್ಣನ ಮುಖದಲ್ಲಿ ಅದನ್ನೆಲ್ಲ ಕಂಡಳು. ಕಂಬದ ಬಳಿ ಬಂದಿಳಿದು ಅವನ ಭುಜಕ್ಕೆ ಗುದ್ದಿ ಗುದ್ದಿ ನಕ್ಕಳು. ಮಾತಿಲ್ಲದ ಅವಳ ನಗುವಿಗೆ ಒರಟು ದನಿಯೊಂದಿತ್ತು. ಕಣ್ಣು ತಗ್ಗಿಸಿ ದಾಟುತ್ತಿದ್ದ ಜನ ಆ ದನಿಗೂ ತಲೆಯೆತ್ತಲಿಲ್ಲ. ಹಿಂತಿರುಗುವಾಗ ಅಣ್ಣ ತಂಗಿ ಬೆಣ್ಣೆದೋಸೆ ತಿಂದರು. ಅವಳು ಎರಡು ದೋಸೆ ತಿಂದು ಮೂರನೆಯದನ್ನು ಅಮ್ಮನಿಗೆ ಕಟ್ಟಿಸಿಕೊಂಡಳು.

ಅಂದಿನಿಂದ ಅವಳಿಗೆ ದಾರಿ ಸುಗಮವಾಯಿತು. ಅಣ್ಣ ನಿಲ್ಲುತ್ತಿದ್ದ ಜಾಗದ ಕಂಬವನ್ನೇ ನೋಡುತ್ತ ಸರ್ಕಲ್ಲು ದಾಟುತ್ತಿದ್ದಳು. ಬೆಳಗ್ಗೆ ಬಾಗಿಲಲ್ಲಿ ನಿಂತ ಗಂಗಮ್ಮ ಈಗ ಏನು ಹೇಳಿ ಕಳಿಸಬೇಕೆಂದು ತಿಳಿಯದೆ ಮಗಳ ತಲೆ ಮುಟ್ಟಿ ಕಳಿಸುತ್ತಿದ್ದಳು.

ಬೇರೊಂದು ಬದಲಾವಣೆಯೂ ಆಯಿತು. ಅದನ್ನು ಹಾಲೇಶ ಗಮನಿಸಿದ್ದು ತಡವಾಗಿ. ಊಟಕ್ಕೆ ಕೂತಾಗ ಅಂಬುಜ ತಟ್ಟೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಏನಾದರೂ ಹೇಳಬೇಕಾದರೆ ನೆಲ ತಟ್ಟಬೇಕು, ಆಗ ಅವಳು ಮುಖವೆತ್ತುತ್ತಿದ್ದಳು, ಹೇಳಿದ್ದು ಮುಗಿಯುವ ಮುಂಚೆಯೇ ಮತ್ತೆ ಇಳಿಸುತ್ತಿದ್ದಳು. ಹೊರಗೆ ಕಲಿತ ರೂಢಿಯನ್ನು ಹೊಸಿಲ ಬಳಿ ಚಪ್ಪಲಿಯಂತೆ ಬಿಟ್ಟುಬರಲು ಆಗುವುದಿಲ್ಲ. ಊರೆಲ್ಲ ಹಾಗೇ ಆಗಿತ್ತು. ಅಂಗಡಿಯವನು ಚಿಲ್ಲರೆಯನ್ನು ಕೈಗೆ ಹಾಕುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಉಳಿದವರಿಗೆ ಕಿವಿಯಾದರೂ ಇತ್ತು. ಅವಳಿಗೆ ಕಣ್ಣು ಇಳಿದರೆ ಮಾತು ನಿಂತಂತೆ. ಒಂದು ದಿನ ಕೂರಿಸಿಕೊಂಡು ಮಾತಾಡಬೇಕು ಎಂದುಕೊಂಡ. ಅಂದುಕೊಂಡೇ ಇದ್ದ.

*

ಅಪಘಾತದ ದೃಶ್ಯಗಳು ಪರದೆಗೆ ಬರುವಾಗ ಅಂಚು ಕೆಂಪಾಗಿರುತ್ತಿತ್ತು. ಅಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ ಬಂದು ಕೂತಾಗ ಅಂಥದೊಂದು ಕಾಯುತ್ತಿತ್ತು. ಸರ್ಕಲ್ಲಿನಲ್ಲಿ ನಿಂತಿದ್ದ ಬಸ್ಸಿನ ಗೂಬೆ ಅದನ್ನು ಸೆರೆಹಿಡಿದಿತ್ತು. ಭತ್ತದ ಚೀಲ ಹೇರಿದ ಲಾರಿ ಎಡಕ್ಕೆ ತಿರುಗುತ್ತಿತ್ತು. ಹೊರಗಿನ ಲಾರಿ, ಬಂಪರಿನ ಮೇಲೆ ಬರೀ ನಿಂಬೆಹಣ್ಣು ಮೆಣಸಿನಕಾಯಿ. ಅದರ ಎಡ ಅಂಚಿನಲ್ಲಿ ಸೈಕಲ್ಲಿನ ಹೆಂಗಸೊಬ್ಬಳು ನೇರ ಬರುತ್ತಿದ್ದಳು. ಮೊದಲು ಅವನು ಗುರುತಿಸಿದ್ದು ಮಡ್‌ಗಾರ್ಡನ್ನು. ತಾನೇ ಬಡಿದು ನೆಟ್ಟಗೆ ಮಾಡಿದ್ದ ಗುರುತು ಅದರ ಮೇಲಿತ್ತು.

ದೃಶ್ಯಕ್ಕೆ ಸದ್ದೂ ಇತ್ತು. ಲಾರಿಯವನು ಹಾರ್ನ್ ಒತ್ತಿ ಹಿಡಿದಿದ್ದ. ಆ ಹಾರ್ನ್ ಮೊಳಗುತ್ತಲೇ ಇತ್ತು. ಕೇಳುವ ಕಿವಿಯಿದ್ದವರು ಅಲ್ಲಿ ಬಹಳ ಜನ. ಅವರಲ್ಲಿ ಒಬ್ಬರೂ ಅದು ಯಾರಿಗೆಂದು ತಲೆಯೆತ್ತಿ ನೋಡಲಿಲ್ಲ, ಓಡಿಬಂದು ಅವಳ ಸೈಕಲ್ಲಿನ ಕ್ಯಾರಿಯರ್ ಹಿಡಿದೆಳೆಯಲಿಲ್ಲ. ಅವಳು ಕಂಬವನ್ನು ನೋಡುತ್ತ ಬಂದಳು. ಲಾರಿಯ ಮುಂದಿನ ಚಕ್ರ ಅವಳನ್ನು ದಾಟಿತು. ಹಿಂದಿನದು ದಾಟಲಿಲ್ಲ.

ಕೆಳಗೆ ಯಂತ್ರ ತಾನೇ ಊಹಿಸಿ ಬರೆದಿತ್ತು: ಸೈಕಲ್ ಸವಾರೆ ನೋಡಲಿಲ್ಲ. ಸರಿಯೇ, ತಪ್ಪೇ ಎಂದು ಅವನು ಖಚಿತಪಡಿಸಬೇಕಿತ್ತು.

ಇಮ್ತಿಯಾಜ್ ಅವನ ಮುಖ ಕಂಡು ಎದ್ದುಬಂದ. ಪರದೆ ನೋಡಿ ಸ್ಕೂಟರಿನ ಕೀಲಿಕೈ ತೆಗೆದ. ಹಾಲೇಶ ಎದ್ದವನು ಒಂದು ಗಳಿಗೆ ನಿಂತ. ಆಮೇಲೆ ಬಗ್ಗಿ, ಯಂತ್ರ ಬರೆದದ್ದು ಸರಿ ಎಂಬ ಗುಂಡಿ ಒತ್ತಿದ. ಯಾಕೆ ಒತ್ತಿದೆನೆಂದು ಆಸ್ಪತ್ರೆಯ ದಾರಿಯುದ್ದಕ್ಕೂ ಅವನಿಗೆ ತಿಳಿಯಲಿಲ್ಲ. ಅದು ನಿಜವಾಗಿತ್ತು, ಅಷ್ಟೇ.

*

ಅಂಬುಜ ಬದುಕಿದಳು. ಬಲಗೈಯನ್ನು ಮೊಣಕೈಯ ಮೇಲಕ್ಕೆ ತೆಗೆಯಬೇಕಾಯಿತು. ಪ್ರಜ್ಞೆ ಬಂದ ಮೇಲೆ ಅವಳು ಇಲ್ಲದ ಕೈಯನ್ನು ಎತ್ತಲು ಹೋಗಿ, ಏನೋ ಹೇಳಲು ಆಗದೆ, ಚಾವಣಿ ನೋಡುತ್ತ ಮಲಗಿದ್ದಳು. ಕೆಲವು ದಿನ ಕಳೆದು ಎಡಗೈಯಲ್ಲಿ ಮಾತಾಡಲು ಶುರುಮಾಡಿದಳು. ತೊದಲು ಮಾತು; ಎರಡು ಕೈಗಳಿಂದ ಹೇಳುತ್ತಿದ್ದುದನ್ನು ಅರ್ಧರ್ಧವೇ ಹೇಳುತ್ತಿದ್ದಳು. ಗಂಗಮ್ಮನಿಗೆ ಅರ್ಥವಾಗದೆ ಹೋದಾಗ ಹಾಲೇಶ ಬಿಡಿಸಿ ಹೇಳುತ್ತಿದ್ದ.

ಸಂಚಾರ ಠಾಣೆಯ ಮಂಜಾನಾಯ್ಕ ಹೇಳಿಕೆ ತೆಗೆದುಕೊಳ್ಳಲು ಬಂದಾಗ ವಾರ್ಡಿನಲ್ಲಿ ಮನೆಯವರು ಒಬ್ಬರೇ ಇರಬೇಕೆಂದು ನರ್ಸ್ ಗಂಗಮ್ಮನನ್ನು ಹೊರಗೆ ಕಳಿಸಿದಳು. ನಿವೃತ್ತಿ ಹತ್ತಿರವಾದ ಎಎಸ್‌ಐ ಆತ, ಮೃದು ಮನುಷ್ಯ. ಟೋಪಿ ತೆಗೆದು ಸ್ಟೂಲಿನ ಮೇಲಿಟ್ಟು, ಕಿವುಡರ ಭಾಷೆ ಬಲ್ಲ ಮೇಷ್ಟ್ರೊಬ್ಬರನ್ನು ಕರೆಸಿದ್ದಾಗಿಯೂ, ಇವರದು ಶಾಲೆಯ ಭಾಷೆಯಲ್ಲವಾದ್ದರಿಂದ ತನಗಾಗದೆಂದು ಅವರು ವಾಪಸು ಹೋದದ್ದಾಗಿಯೂ ಹೇಳಿದ. ಮನೆಯವರೇ ಗತಿ. ಕಾನೂನಿನ ಪ್ರಕಾರ ಸರಿಯಲ್ಲ, ಏನು ಮಾಡೋದು.

ಲಾರಿ ಡ್ರೈವರ್ ಹೊನ್ನಾಳಿ ಕಡೆಯವನಂತೆ. ಹಾರ್ನ್ ಒತ್ತುತ್ಲೇ ಇದ್ದೆ, ಆಯಮ್ಮ ತಿರುಗಿ ನೋಡ್ಲಿಲ್ಲ ಎಂದು ಅದೊಂದನ್ನೇ ಹೇಳುತ್ತಾನಂತೆ. ಠಾಣೆಯಲ್ಲಿ ಕೂತವನು ಅನ್ನ ಮುಟ್ಟಿಲ್ಲ.

"ನೀವೇ ಕೇಳ್ರಿ ಇವ್ರನ್ನ," ಎಂದ ಮಂಜಾನಾಯ್ಕ. "ತಿರುವಿನಾಗೆ ಅಷ್ಟು ದೊಡ್ಡ ಗಾಡಿ ಬರಾದನ್ನ ಯಾಕೆ ನೋಡ್ಲಿಲ್ಲ ಅಂತ. ಅದೊಂದು ತಿಳಿದ್ರೆ ಮುಗೀತು."

ಹಾಲೇಶ ಮಂಚದ ಅಂಚಿಗೆ ಕೂತು ತಂಗಿಯ ಮೊಣಕಾಲು ತಟ್ಟಿದ. ಅವಳು ಮುಖವೆತ್ತಿದಳು. ಎಷ್ಟೋ ತಿಂಗಳ ಮೇಲೆ ಅವಳು ಅವನನ್ನು ಹಾಗೆ ನೇರ ನೋಡಿದ್ದು; ಆಸ್ಪತ್ರೆಯಲ್ಲಿ ಗೂಬೆಗಳಿರಲಿಲ್ಲ. ಅವನು ಪ್ರಶ್ನೆ ಕೇಳಿದ. ಅವಳು ಸ್ವಲ್ಪವೂ ಯೋಚಿಸಲಿಲ್ಲ. ಎಡಗೈಯ ತೋರುಬೆರಳನ್ನು ಮೇಲ್ದುಟಿಯ ಮೇಲೆ ಗೆರೆಯಂತೆ ಎಳೆದಳು, ಎರಡು ಬೆರಳನ್ನು ಕಣ್ಣಿಗೆ ತೋರಿಸಿದಳು, ಅಂಗೈ ಅಲ್ಲಾಡಿಸಿದಳು.

ಮೇಲ್ದುಟಿಯ ಗೆರೆಯೆಂದರೆ ಮೀಸೆ, ಮೀಸೆಯೆಂದರೆ ಅಣ್ಣ. ಹಾಲೇಶನಿಗೆ ಮೊದಲ ಮೀಸೆ ಮೂಡಿದ ವರ್ಷ ಅವಳು ಕೊಟ್ಟ ಹೆಸರು ಅದು. ಕೆಲಸಕ್ಕೆ ಸೇರಿದ ಮೇಲೆ ಅವನು ಮೀಸೆ ಬೋಳಿಸಿದ, ಹೆಸರು ಉಳಿಯಿತು. ಅಣ್ಣ ನೋಡಬೇಡ ಅಂದ. ಮೂರು ಸನ್ನೆ, ಅಷ್ಟೇ ಅವಳ ಹೇಳಿಕೆ. ಅವಳ ಮುಖದಲ್ಲಿ ದೂರಿರಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ ಶಾಂತಿ ಇತ್ತು.

ಆ ಮಾತು ಕಾಗದಕ್ಕೆ ಇಳಿದರೆ, ಯಾಕೆ ನೋಡಬೇಡ ಅಂದ್ರಿ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಹೇಳಿದರೆ ಸೂತ್ರ ಹೊರಬೀಳುತ್ತದೆ. ಅವನು ಅರುಂಧತಿಯ ಕೋಣೆಯಲ್ಲಿ ಕೂತು ಬೇಡಿಕೊಂಡಿದ್ದು ಅದನ್ನೇ. ಇಷ್ಟು ಸುಲಭವಾಗಿ, ಒಂದು ಹಾಳೆಯ ಮೇಲೆ, ತಂಗಿಯ ಮೂರು ಸನ್ನೆಗಳಿಂದ ಅದು ಆಗಿಹೋಗುತ್ತದೆ. ಆಮೇಲೆ ಕೆಲಸವಿಲ್ಲ. ಆಮೇಲೆ ಅವನು ಜೈಲಿನಲ್ಲಿರುತ್ತಾನೆ, ಒಂದು ಕೈಯ ಅಂಬುಜ ಮನೆಯಲ್ಲಿರುತ್ತಾಳೆ, ಗಂಗಮ್ಮ ಅವಳನ್ನು ಸಾಕುತ್ತಾಳೆ. ಇದೆಲ್ಲವನ್ನೂ ಅವನು ಯೋಚಿಸಿದನೆಂದು ಹೇಳುವುದು ಕಷ್ಟ.

ಮಂಜಾನಾಯ್ಕ ಪೆನ್ನು ಹಿಡಿದು ಕಾಯುತ್ತಿದ್ದವನು ತನ್ನ ಮೇಲ್ದುಟಿಯ ಮೇಲೆ ಬೆರಳೆಳೆದು ನೋಡಿದ.

"ಮೀಸೆ ಅಂತಾರಲ್ರೀ? ಡ್ರೈವರಂಗೆ ಈಟುದ್ದ ಮೀಸೆ ಐತೆ. ಅವ್ನು ನೋಡ್ಲಿಲ್ಲ ಅಂತಾರೇನು?"

ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು.

"ಹೌದು ಸಾರ್," ಎಂದ ಹಾಲೇಶ. "ಡ್ರೈವರ್ ನನ್ನ ನೋಡ್ಲಿಲ್ಲ ಅಂತಾಳೆ."

ಮಂಜಾನಾಯ್ಕ ಬರೆಯತೊಡಗಿದ. ಅಂಬುಜ ಅಣ್ಣನ ತುಟಿಯ ಮೇಲೇ ಕಣ್ಣಿಟ್ಟಿದ್ದಳು. ಮೊದಲು ಅವಳ ಹುಬ್ಬು ಕೂಡಿತು. ತಪ್ಪು ಓದಿದೆನೇನೋ ಎಂಬ ಅನುಮಾನ. ಅವಳು ಬೇಡ ಬೇಡವೆಂದು ಅಂಗೈ ಅಲ್ಲಾಡಿಸಿ, ಮತ್ತೆ ಅದೇ ಮೂರು ಸನ್ನೆ ಮಾಡಿದಳು, ನಿಧಾನವಾಗಿ, ಒಂದೊಂದನ್ನೂ ಬಿಡಿಸಿ, ಮೊದಲ ಸನ್ನೆಯಾದ ಮೇಲೆ ಬೆರಳನ್ನು ಅಣ್ಣನ ಎದೆಗೆ ಒತ್ತಿ. ಅವಳಿಗೆ ಡ್ರೈವರ್ ಯಾರೆಂದು ಗೊತ್ತಿಲ್ಲ, ಅವನನ್ನು ಅವಳು ನೋಡಿಯೇ ಇಲ್ಲ. ತಾನು ಹೇಳದ ಮಾತನ್ನು ಅಣ್ಣ ಹೇಳಿದ ಎಂಬುದಷ್ಟೇ ಅವಳಿಗೆ ಗೊತ್ತಾದದ್ದು.

"ಏನಂತೆ?" ಬರೆಯುವುದನ್ನು ನಿಲ್ಲಿಸಿ ಮಂಜಾನಾಯ್ಕ ಕೇಳಿದ.

"ನೋವು ಸಾರ್."

"ಪಾಪ." ಅವನು ಬೇಗಬೇಗ ಮುಗಿಸಿದ. ನಿಯಮದಂತೆ ಬರೆದದ್ದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದ. ಹಾಳೆಯ ಮೇಲೆ ತಲೆ ತಗ್ಗಿಸಿ ಓದಿದ್ದರಿಂದ ಅವನ ತುಟಿಯೂ ಅವಳಿಗೆ ಕಾಣಲಿಲ್ಲ. ಆಮೇಲೆ ಶಾಯಿಯ ಡಬ್ಬಿ ತೆರೆದು ಮಂಚದ ಮೇಲಿಟ್ಟ. "ಎಡಗೈ ಹೆಬ್ಬೆಟ್ಟು ಸಾಕು. ನೀವೇ ಒಂಚೂರು ಹಿಡ್ಕಳ್ರಿ."

ಅಂಬುಜಳ ಕೈ ಇನ್ನೂ ಗಾಳಿಯಲ್ಲಿತ್ತು. ಬೆರಳು ಮತ್ತೆ ಮೇಲ್ದುಟಿಯ ಕಡೆ ಹೋಗುತ್ತಿತ್ತು. ಹಾಲೇಶ ಅದನ್ನು ಅರ್ಧದಲ್ಲೇ ಹಿಡಿದ. ಅವಳು ಎಳೆದುಕೊಂಡಳು. ಅವನು ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಮಡಿಚಿ, ಹೆಬ್ಬೆರಳನ್ನು ಬಿಡಿಸಿ, ಶಾಯಿಗೆ ತಾಗಿಸಿ, ಹಾಳೆಯ ಮೇಲೆ ಇಟ್ಟು ತನ್ನ ಹೆಬ್ಬೆರಳಿನಿಂದ ಮೇಲೆ ಒತ್ತಿದ. ಅವಳ ಗಂಟಲಿನಿಂದ ಸಣ್ಣ ಒರಟು ದನಿಯೊಂದು ಬಂತು.

ಗುರುತು ಸ್ಪಷ್ಟವಾಗಿ ಮೂಡಿತ್ತು. ಮಂಜಾನಾಯ್ಕ ಅದರ ಮೇಲೆ ಊದಿ, ಹಾಳೆ ಮಡಿಚಿ, ಟೋಪಿ ಹಾಕಿಕೊಂಡು, ಬೇಗ ಹುಷಾರಾಗಲಿ ಎಂದು ಹೇಳಿ ಹೊರಟ. ಅವನ ಬೂಟಿನ ಸದ್ದು ಕಾರಿಡಾರಿನ ಕೊನೆಗೆ ಹೋಗಿ, ಮೆಟ್ಟಿಲಿಳಿದು, ಕೇಳದಾಯಿತು.

ಹಾಲೇಶ ಇನ್ನೂ ಅವಳ ಕೈ ಬಿಟ್ಟಿರಲಿಲ್ಲ.